ಕೆಮ್ಮಿನ ಸನ್ನೆ

ನಿಜಾಮನ ರಾಜ್ಯ ಹೋಗಿ ಒಂದೆರಡು ಸುಗ್ಗಿ ಕಳೆದಿದ್ದ ದಿನಗಳವು. ಸಂತೆಕಲ್ಲೂರಿನ ಹುಡುಗರ ಕಿಡಿಗೇಡಿತನಕ್ಕೆಲ್ಲ ನಾನೇ ಗುರು. ಹಿಂದಿನಿಂದ ಬಂದು ಚುಚ್ಚುವ ನನ್ನ ಜಾಲಿಮುಳ್ಳಿಗೆ ಹಾರಿ ಬೀಳದ ಜೀವ ಊರಲ್ಲಿರಲಿಲ್ಲ, ಗೌಡರ ಎಮ್ಮೆಯೂ ಸೇರಿ.

ನನ್ನ ಓರಗೆಯ ಅಮರೇಶ ಒಬ್ಬನೇ ಹಾರಲಿಲ್ಲ. ಸೀತನಿ ತಿನ್ನಲೆಂದು ಕುಳ್ಳಿನ ಬೆಂಕಿಯಲ್ಲಿ ಸುಟ್ಟ ಎಳೆ ಜೋಳದ ತೆನೆಯನ್ನು ನಾವು ಊದಿ ಊದಿ ಕೈ ಬದಲಿಸುತ್ತಿದ್ದರೆ, ಅವನು ಎಡಗೈಯಲ್ಲಿ ಹಿಡಿದು ನಿಧಾನವಾಗಿ ತಿಕ್ಕಿ ಕಾಳು ಬಿಡಿಸುತ್ತಿದ್ದ. "ಕೈ ಅಂದ್ರ ಇದು" ಎಂದು ಹಿರಿಯರೂ ತಮ್ಮ ತೆನೆ ಅವನಿಗೇ ಕೊಡುತ್ತಿದ್ದರು. ಹೊಟ್ಟೆಕಿಚ್ಚಿಗೆ ನಾನೊಮ್ಮೆ ತೆನೆಯೊಳಗೆ ಕೆಂಡ ಸಿಕ್ಕಿಸಿ ಕೊಟ್ಟೆ. ಸೀತನಿಯ ಘಮದ ನಡುವೆ ಚರ್ಮ ಸುಟ್ಟ ವಾಸನೆ ಬಂತು. ಅವನು ನಗುತ್ತಲೇ ಇದ್ದ.

"ಲೇ, ಕೈ ಸುಡಾಕತ್ತೈತಿ, ಬಿಡಲೇ" ಎಂದೆ.

"ಎಲ್ಲಿ?" ಎಂದ.

ಅಂಗೈ ನೋಡಿದೆವು. ಮಣಿಕಟ್ಟಿನಲ್ಲಿ ಬಿಳಿ ಮಚ್ಚೆಯಿತ್ತು. ಅವನ ಮುಖ ಬಾಡಿತು. "ಯಾರಿಗೂ ಹೇಳಬ್ಯಾಡೋ. ನಮ್ಮ ಕಾಕಾಗೂ ಹಿಂಗ ಇತ್ತು. ಹೊಲದಾಗ ಗುಡಿಸಲಾ ಹಾಕಿ ಇಟ್ರು. ರೊಟ್ಟಿ ದೂರದಿಂದ ಒಗೀತಿದ್ರು."

ಮರುತಿಂಗಳು ಕುಷ್ಠರೋಗದ ತಪಾಸಣೆಗೆಂದು ಶಾಲೆಗೆ ಡಾಕ್ಟರು ಬಂದರು. ಮಚ್ಚೆ ಇದ್ದವರ ಕಣ್ಣು ಕಟ್ಟಿ ಸೂಜಿ ಚುಚ್ಚುತ್ತಿದ್ದರು. "ನೋವಿನ ಸುದ್ದಿ ತಲಿಗೆ ಒಯ್ಯೋದು ನರ. ನರ ಸತ್ರ ಸುದ್ದಿ ಮುಟ್ಟಂಗಿಲ್ಲ. ಈಗ ಗೊತ್ತಾದ್ರ ಔಷಧ ಐತಿ" ಎಂದರು. ಔಷಧದ ಮಾತು ನಮ್ಮ ಕಿವಿಗೆ ಬೀಳಲಿಲ್ಲ. ಕಣ್ಣೆದುರು ಗುಡಿಸಲೇ ನಿಂತಿತ್ತು.

"ಚುಚ್ಚಿದಾಗ ನಾ ಕೆಮ್ಮತೀನಿ. ನೀ 'ಹಾ' ಅನ್ನು" ಎಂದೆ.

ಏಳು ಸಲ ಚುಚ್ಚಿದರು. ಏಳು ಸಲ ಕೆಮ್ಮಿದೆ. ಏಳು ಸಲವೂ ಅವನು 'ಹಾ' ಎಂದ. ಡಾಕ್ಟರು ಅವನಿಗೆ ರೋಗವಿಲ್ಲವೆಂದು ಬಿಟ್ಟು, ನನಗೆ ಕೆಮ್ಮಿನ ಗುಳಿಗೆ ಕೊಟ್ಟರು. ನನ್ನಷ್ಟು ಜಾಣ ಯಾರೆಂದು ವಾರವಿಡೀ ಬೀಗಿದೆ.

ಎರಡು ಸುಗ್ಗಿಯೊಳಗೆ ಅವನ ಬೆರಳುಗಳು ಮಡಚಿಕೊಂಡವು. ತೆನೆ ಹಿಡಿಯಲಾಗಲಿಲ್ಲ. ಹೊಲದಲ್ಲಿ ಗುಡಿಸಲು ಎದ್ದೇ ಎದ್ದಿತು. ಕದ್ದು ಹೋಗಿ ಅವನ ಕೈಗೆ ಮುಳ್ಳು ಚುಚ್ಚಿದೆ, ಮತ್ತೆ ಮತ್ತೆ ಚುಚ್ಚಿದೆ. "ಹಾರಲೇ, ಒಮ್ಮೆರ ಹಾರು" ಎಂದು ಅತ್ತೆ.

"ನೀ ಕೆಮ್ಮಲಿಲ್ಲಲ್ಲೋ" ಎಂದ, "ನನಗ ಹೆಂಗ ಗೊತ್ತಾಗಬೇಕು?"

ಈಗ ಸಕ್ಕರೆ ಕಾಯಿಲೆ ನನ್ನ ಪಾದದ ನರಗಳನ್ನು ತಿಂದಿದೆ. ಚಪ್ಪಲಿ ಕಳಚಿ ಬಿದ್ದರೂ ತಿಳಿಯುವುದಿಲ್ಲ. ಊರನ್ನೇ ಕುಣಿಸಿದ ಆ ಜಾಲಿಮುಳ್ಳು ನನ್ನ ಅಂಗಾಲಿಗೆ ನೆಟ್ಟರೂ ಅಷ್ಟೇ. ಮೊನ್ನೆ ದವಾಖಾನೆಯಲ್ಲಿ ಡಾಕ್ಟರಮ್ಮ ಕಾಲ ಬಳಿ ಕುಳಿತು, "ಅಜ್ಜಾ, ಕಣ್ಣು ಮುಚ್ಚರಿ. ಚುಚ್ಚಿದಾಗ ಹೇಳ್ರಿ" ಎಂದಳು.

ಕಣ್ಣು ಮುಚ್ಚಿ ಬಹಳ ಹೊತ್ತು ಕಾದೆ. ಯಾರೂ ಕೆಮ್ಮಲಿಲ್ಲ.