ಡಬ್ಬದಿಂದ ಬಂದ ಕಡಲು

“ಮೇಡಂ, ಕಿಟಕಿ ಹಾಕಿಬಿಡಿ. ಹೊರಗಿನ ವಾಸನೆ ಒಳಗೆ ಬಂದರೆ ನಮ್ಮ ಮಷಿನ್ ಸರಿಯಾಗಿ ಕೆಲಸ ಮಾಡಲ್ಲ.”

ಕಂಪನಿಯಿಂದ ಬಂದಿದ್ದ ಯುವಕ ಹೇಳಿದ. ಟೀಚರು ಹಾಕಿದರು. ಬೀಜಾಡಿಯ ಶಾಲೆಯೊಂದರ ಕಂಪ್ಯೂಟರ್ ಕೋಣೆ ಅದು. ಕಿಟಕಿಯಾಚೆ ಏನಿದೆ ಅಂತೀರಿ? ಕಡಲು!

ಮಕ್ಕಳ ಮನೆಯವರನ್ನೂ ಕರೆದಿದ್ದರು; ಕಳೆದ ವಾರ ನಾನಲ್ಲಿಗೆ ಹೋದದ್ದು ಅಕ್ಕನ ಬದಲಿಗೆ. ಅವಳು ಮೀನು ಮಾರಲು ಕೋಟೇಶ್ವರಕ್ಕೆ ಹೋಗಿದ್ದಳು. ಅವಳ ಮಗಳು ನಯನಾ ನಾಲ್ಕನೇ ಕ್ಲಾಸು. ಹೊಸ ಕಂಪ್ಯೂಟರ್ ಗೇಮ್ ಬರುತ್ತದೆ, ಎಲ್ಲ ಸರಿ ಹೇಳಿದವರನ್ನು ಕುಂದಾಪುರದ ಸ್ಪರ್ಧೆಗೆ ಕಳಿಸುತ್ತಾರೆ ಎಂದು ಕುಣಿಯುತ್ತಿದ್ದಳು.

ಪರದೆಯ ಪಕ್ಕದಲ್ಲಿ ಟಿಫಿನ್ ಬಾಕ್ಸಿನಷ್ಟು ಡಬ್ಬ. ಒಳಗೆ ಪುಟ್ಟ ಫ್ಯಾನು, ಬಗೆಬಗೆಯ ಸೆಂಟು. ಡಬ್ಬ ವಾಸನೆ ಬಿಡುತ್ತದೆ. ಮಕ್ಕಳು ಮೂಸಿ ನೋಡಿ ಸರಿಯಾದ ಚಿತ್ರ ಒತ್ತಬೇಕು. (ನಮ್ಮ ಕಾಲದಲ್ಲಿ ಕ್ಲಾಸಿನಲ್ಲಿ ಮೂಗಿಗಿದ್ದ ಕೆಲಸ ಒಂದೇ, ಹೊಸ ಪುಸ್ತಕ ಮೂಸುವುದು.)

ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಕಿತ್ತಳೆ ಬಂತು, ನಯನಾ ಥಟ್ಟನೆ ಒತ್ತಿದಳು. ಮಲ್ಲಿಗೆ ಬಂತು. ಅದೂ ಸರಿ. ಮೂಗಿನಿಂದ ಒಳಗೆ ಹೋದ ಪಾಠ ಸುಲಭಕ್ಕೆ ಮರೆಯುತ್ತದೆಯೇ?

ಕೊನೆಯ ಪ್ರಶ್ನೆ. ಇದು ಯಾವ ಜಾಗ? ಹೂದೋಟ, ಆಸ್ಪತ್ರೆ, ಸಮುದ್ರ, ಬಚ್ಚಲುಮನೆಯ ಚಿತ್ರಗಳು. ಡಬ್ಬ ಬುಸ್ಸೆಂದಿತು. ನಯನಾ ಮೂಸಿದವಳೇ ಬಚ್ಚಲುಮನೆ ಒತ್ತಿದಳು.

ಟುಂಯ್! ತಪ್ಪು. ಪರದೆ ತುಂಬ ನೀಲಿ ಅಲೆಗಳು.

“ಇದ್ ಕಡ್ಲಾ?” ಅವಳು ನನ್ನತ್ತ ತಿರುಗಿದಳು. ಕಣ್ಣಲ್ಲಿ ನೀರು. “ಇದ್ ಸೋಪಿನ್ ಪರಿಮಳ ಅಲ್ದಾ ಚಿಕ್ಕಿ?”

“ಹೌದ್, ಸೋಪೇ!” ಹಿಂದಿನ ಮಕ್ಕಳೂ ಕೂಗಿದರು.

ಯುವಕ ನಕ್ಕ. “ಇದು ಓಶನ್ ಸೆಂಟ್. ಮಷಿನ್‌ನಲ್ಲಿ ಹಾಗೇ ಫಿಕ್ಸ್ ಆಗಿದೆ. ಇನ್ನೊಂದು ಚಾನ್ಸ್ ಕೊಡ್ತೀನಿ ಪುಟ್ಟಿ.”

ನನಗೆ ಸಿಟ್ಟು ಬಂತು. ಕಡಲಿಗಿರುವುದು ಒಂದೇ ವಾಸನೆಯೇ? ಮಳೆಗಾಲದ ಕಡಲು ಬೇರೆ, ಬಲೆ ಒಣಗಿಸುವ ದಿನದ ಕಡಲು ಬೇರೆ. ಅಕ್ಕನ ಸೆರಗಿನಲ್ಲಿ ಮನೆಗೆ ಬರುವ ಕಡಲು ಇನ್ನೂ ಬೇರೆ. ಕಿಟಕಿ ತೆಗೆಯಿರಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಡಬ್ಬ ಮತ್ತೆ ಬುಸ್ಸೆಂದಿತು.

ಈ ಸಲ ನಯನಾ ಮೂಸಲೇ ಇಲ್ಲ. ಸೀದಾ ಸಮುದ್ರ ಒತ್ತಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಕುಂದಾಪುರಕ್ಕೆ ಹೋಗುವವರಲ್ಲಿ ಅವಳ ಹೆಸರೂ ಸೇರಿತು.

ನನ್ನ ತಕರಾರು ಡಬ್ಬದ ಮೇಲಲ್ಲ. ಇಂಥದ್ದು ಇನ್ನೂ ಬರಲಿ. ಆದರೆ ಹೊಸ ಕಲಿಕೆ ಬಂದಾಗಲೆಲ್ಲ ಮೊದಲು ಕಿಟಕಿಯನ್ನೇ ಯಾಕೆ ಹಾಕಬೇಕು? ಮೂಸುವುದನ್ನು ಕಲಿಸಲು ಬಂದ ಆಟ ಮೂಸದೆ ಗೆಲ್ಲುವುದನ್ನು ಕಲಿಸಿ ಹೋಯಿತಲ್ಲ!

ಸಂಜೆ ದಂಡೆಯ ಮೇಲೆ ನಡೆದೇ ಮನೆಗೆ ಹೊರಟೆವು. ಗಾಳಿ ಜೋರಿತ್ತು. ಉಪ್ಪು, ಒಣಮೀನು, ಹಸಿ ಬಲೆ, ಎಲ್ಲ ಒಟ್ಟಿಗೇ ಬಂದು ಮೂಗಿಗೆ ಬಡಿಯಿತು.

“ಹಂಗಾರೆ ಇದ್ ಎಂತರ ವಾಸ್ನಿ ಮಗಾ?” ಎಂದು ಕೇಳಿದೆ.

ನಯನಾ ಎದೆ ತುಂಬ ಗಾಳಿ ಎಳೆದುಕೊಂಡಳು.

“ಇದೇ ಕಡ್ಲ್ ಚಿಕ್ಕಿ. ಆರೆ ಇದ್ಕೆ ಮಾರ್ಕ್ ಇಲ್ಲ.”