ಪಕ್ಕದ ಮನೆಯ ಅಕ್ಕಿ

ಮದುವೆಯಾಗಿ ಚಿಗಳ್ಳಿಯಿಂದ ದಾಂಡೇಲಿಗೆ ಬಂದ ಎರಡನೆಯ ವರ್ಷ ನನಗೆ ಯಾವುದೂ ಬೇಡವಾಯಿತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾರ್ಖಾನೆಯ ಭೋಂಗಾ ಊದಿದ ಕೂಡಲೇ ನಮ್ಮ ಮನೆಯವರು ಕೆಲಸಕ್ಕೆ ಹೊರಡುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ಮತ್ತೆ ಮಲಗುತ್ತಿದ್ದೆ. ಜ್ವರವಿಲ್ಲ, ನೋವಿಲ್ಲ, ತಲೆ ಬಾಚಿಕೊಳ್ಳುವುದಕ್ಕೂ ಬೇಸರ. ಹತ್ತು ಜನರ ನಡುವೆ ಹೊಲದಲ್ಲಿ ಬೆಳೆದವಳಿಗೆ ಚಾಳಿನ ಎರಡು ಕೋಣೆಯ ಮನೆಯಲ್ಲಿ ಇಡೀ ದಿನ ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ. ಕೊನೆಗೆ ಮನೆಯವರು ಹೇಳಿಯೇಬಿಟ್ಟರು: "ಹಿಂಗ ಇದ್ದರ ದೀಪಾವಳಿ ಆದಮ್ಯಾಲ ನಿನ್ನ ತವರಿಗೆ ಬಿಟ್ಟು ಬರ್ತೇನಿ." ಹಬ್ಬಕ್ಕೆ ಹೋಗಿ ಬರುವುದು ಬೇರೆ, ಬಿಟ್ಟು ಬರುವುದು ಬೇರೆ. ಆದರೂ ಏಳಲಿಲ್ಲ.

ಮರುದಿನವೇ ಪಕ್ಕದ ಮುಸಲ್ಮಾನರ ಮನೆಯ ಖಾಲಾ ಮೊರದಲ್ಲಿ ಅಕ್ಕಿ ಹಿಡಿದು ಬಂದರು. ಗಂಡ ತೀರಿಕೊಂಡವರು, ಲಾರಿ ಮೆಕ್ಯಾನಿಕ್ ಮಗನ ಜೊತೆ ಇದ್ದರು. "ನನಗ ಸೊಂಟ ನೋವು ಬೇಟಿ, ಕುಂದ್ರಾಕ ಆಗೂದಿಲ್ಲ. ಇಷ್ಟು ಹಸನ ಮಾಡಿ ಕೊಡು" ಅಂದರು. ಅವರ ಮನೆಯ ಅನ್ನ ನಾವು ಉಣ್ಣುತ್ತಿರಲಿಲ್ಲ, ಅಕ್ಕಿಗೆ ಆ ಅಡ್ಡಿ ಇರಲಿಲ್ಲ. ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದಕ್ಕೂ ಬೇಸರವಾಗಿ ಆರಿಸಿ ಕೊಟ್ಟೆ.

ಅಂದಿನಿಂದ ದಿನಾ ಬೆಳಿಗ್ಗೆ ಬರತೊಡಗಿದರು. ನನಗೆ ಅನುಮಾನ ಹತ್ತಿತು. ಸೊಂಟ ನೋವಿನ ಈ ಹೆಂಗಸು ನಳದಿಂದ ಎರಡು ಕೊಡ ನೀರು ಹೊತ್ತು ಸರಸರ ನಡೆಯುವುದನ್ನು ನಾನೇ ಕಂಡಿದ್ದೆ. ಒಮ್ಮೆ ನಮ್ಮ ಮನೆಯವರ ಜೊತೆ ಏನೋ ಮಾತಾಡುತ್ತಿದ್ದವರು ನನ್ನನ್ನು ಕಂಡು ಗಪ್ಪನೆ ಸುಮ್ಮನಾದರು. ಸರಿ, ತಿಳಿಯಿತು ಅಂದುಕೊಂಡೆ. ನಾನು ಎದ್ದೆನೋ ಇಲ್ಲವೋ ನೋಡಿ ವರದಿ ಒಪ್ಪಿಸಲು ಇವರನ್ನು ಬಿಟ್ಟಿದ್ದಾರೆ!

ಸಿಟ್ಟಿನಿಂದಲೇ ಆರಿಸುತ್ತಿದ್ದೆ. ಆದರೆ ಸಿಟ್ಟಿನ ಕಣ್ಣಿಗೆ ಬಿಳಿ ಹರಳು ಕಾಣುವುದಿಲ್ಲ, ಅದು ಅಕ್ಕಿಯ ಹಾಗೆಯೇ ಇರುತ್ತದೆ. ಒಂದು ಹಿಡಿಯನ್ನು ಮೊರದ ಅಂಚಿಗೆ ಎಳೆದು, ಬೆರಳಿನಿಂದ ಹರವಿ, ನೆಟ್ಟಗೆ ನೋಡಬೇಕು. ಆಮೇಲೆ ಮುಂದಿನ ಹಿಡಿ. ಆ ಹೊತ್ತಿನಲ್ಲಿ ಚಿಗಳ್ಳಿಯೂ ಇಲ್ಲ, ದೀಪಾವಳಿಯೂ ಇಲ್ಲ. ಪತ್ತೇದಾರಿಣಿಗೆ ಕೊಳಕು ಮುಖ ಯಾಕೆ ತೋರಿಸಬೇಕೆಂದು ಮೊದಲೇ ಮುಖ ತೊಳೆದೆ, ಕೊಳಕು ಮನೆ ಯಾಕೆಂದು ಕಸ ಗುಡಿಸಿದೆ. ಹದಿನೈದು ದಿನದಲ್ಲಿ ಭೋಂಗಾಕ್ಕಿಂತ ಮೊದಲೇ ಎಚ್ಚರಾಗುತ್ತಿತ್ತು. ಹಿತವಾಗಿತ್ತು, ಆದರೆ ಒಪ್ಪಿಕೊಳ್ಳಲು ನಾನು ತಯಾರಿರಲಿಲ್ಲ.

ಒಂದು ದಿನ ಪರೀಕ್ಷೆ ಮಾಡಿಯೇಬಿಡೋಣ ಎಂದು ಮೂರು ಕರಿ ಹರಳುಗಳನ್ನು ಹಸನಾದ ಅಕ್ಕಿಯ ಮೇಲೆಯೇ ಇಟ್ಟೆ. ತಪಾಸು ಮಾಡುವವರಾದರೆ ಸಂಜೆಗೆ ಸುದ್ದಿ ಮನೆಯವರಿಗೆ ಮುಟ್ಟಬೇಕು. ಖಾಲಾ ಮೊರವನ್ನು ಮುಖದ ಹತ್ತಿರ ತಂದು, "ಮಸ್ತ್ ಆಗೇತಿ" ಎಂದು ನಕ್ಕು ಹೋದರು.

ಮಧ್ಯಾಹ್ನ ಗೋಡೆಯಾಚೆ ತಾಟು ಬಿದ್ದ ಸಪ್ಪಳವಾಯಿತು. ಊಟಕ್ಕೆ ಬಂದ ಮಗ ಕೂಗಾಡುತ್ತಿದ್ದ. ಹರಳು ಕಡಿದು ಅವನ ಹಲ್ಲು ಮುರಿದಿತ್ತು. ಅವನ ಉರ್ದು ನನಗೆ ಅಷ್ಟಿಷ್ಟು ತಿಳಿಯಿತು: ಅಮ್ಮನಿಗೆ ಕಣ್ಣು ಕಾಣುವುದಿಲ್ಲ, ಮೊನ್ನೆ ಒಲೆಯಲ್ಲಿ ಕೈ ಸುಟ್ಟುಕೊಂಡಳು, ಇನ್ನು ಹಳಿಯಾಳಕ್ಕೆ ಅಕ್ಕನ ಮನೆಗೆ ಕಳಿಸುತ್ತೇನೆ. ಕಾಣುತ್ತದೆ, ಕಾಣುತ್ತದೆ ಎಂದು ಖಾಲಾ ಅಳುತ್ತಿದ್ದರು.

ಸೊಂಟ ನೋವಿನ ಗುಟ್ಟು ಆಗ ತಿಳಿಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಸೆರಗು ಹೊದ್ದು ಅವರ ಬಾಗಿಲಿಗೆ ಹೋದೆ. "ತಪ್ಪು ನಂದರೀ ಅಣ್ಣಾರ. ನಿಮ್ಮ ಮೊರ ಇಸ್ಕೊಂಡಿದ್ದೆ. ನಮ್ಮ ಅಕ್ಕ್ಯಾಗಿನ ಹರಳು ಅದರಾಗ ಉಳದಾವ." ಪೂರ್ತಿ ನಿಜ ಹೇಳಿದ್ದರೆ ಖಾಲಾ ಮುಚ್ಚಿಟ್ಟಿದ್ದು ಬಯಲಾಗುತ್ತಿತ್ತು. ಮಗ ದವಡೆ ಹಿಡಿದುಕೊಂಡು ಹೊರಟುಹೋದ. ನಾನು ಮೊರ ಇಸಿದುಕೊಂಡಿರಲಿಲ್ಲವೆಂದು ಬಲ್ಲ ಖಾಲಾ ನನ್ನತ್ತ ತಿರುಗಲೂ ಇಲ್ಲ.

ಮರುದಿನ ಬೆಳಿಗ್ಗೆ ಅವರು ಬರಲಿಲ್ಲ. ಮಗ ಕೆಲಸಕ್ಕೆ ಹೋಗುವ ತನಕ ಕಾದು ನಾನೇ ಹೋಗಿ ಹೊಸ್ತಿಲ ಬಳಿ ಕೂತೆ.

"ಹರಳು ಯಾಕ ಹಾಕಿದಿ?" ಅಂದರು.

"ನೀವು ನಮ್ಮ ಮನಿಯವರಿಗೆ ಚಾಡಿ ಹೇಳ್ತೀರಿ ಅನ್ಕೊಂಡಿದ್ದೆರೀ, ಖಾಲಾ."

"ಹುಬ್ಬಳ್ಳ್ಯಾಗ ಕಣ್ಣಿನ ಡಾಕ್ಟರ್ ಎಲ್ಲಿ ಅದಾರಂತ ನಿನ್ನ ಗಂಡನ್ನ ಕೇಳಿದ್ದೆ. ಇಷ್ಟ."

ಅವರು ಎದ್ದು ಮೊರ ತಂದು ನನ್ನ ಮುಂದಿಟ್ಟು, ಎದುರಿಗೇ ಕೂತು ಅಂಗೈ ಚಾಚಿದರು.

"ಒಂದೊಂದ ಹರಳೂ ನನ್ನ ಕೈಯಾಗ ಹಾಕು."

ಹಾಕುತ್ತ ಹೋದೆ. ಕೊನೆಯ ಹಿಡಿಯನ್ನು ಹರವಿ ನೋಡಿ, "ಆತರೀ" ಅಂದೆ. ಅವರು ಕೈ ಹಿಂದೆಗೆಯಲಿಲ್ಲ.

"ಇನ್ನೊಮ್ಮೆ ನೋಡು."

ಇನ್ನೊಮ್ಮೆ ನೋಡಿದೆ.