ಸ್ಟೀಲ್ ಡಬ್ಬಿಗೆ ನಿಷೇಧ ಇರಲಿಲ್ಲ

ಸ್ಟೀಲ್ ಡಬ್ಬಿ ಬಂದ್ ಎಂದು ಗೋಡೆಗೆ ಹಚ್ಚಿದ್ದ ಕಾಗದದಲ್ಲಿ ಬರೆದಿರಲಿಲ್ಲ. ಬರೆದಿದೆ ಎಂದು ಸುಳ್ಳು ಹೇಳಿದವಳು ನಾನು. ಗಂಡನನ್ನು ಆಸ್ಪತ್ರೆಯಲ್ಲಿ ಮಲಗಿಸಿ ಬಂದ, ಓದಲು ಬಾರದ ಹೆಂಗಸಿಗೆ, ಅವಳದೇ ಮಾತಿನಲ್ಲಿ, ಮುಖ ನೋಡಿಕೊಂಡೇ ಹೇಳಿದೆ. ಯಾರೂ ಹೇಳಿಸಿದ್ದಲ್ಲ.

ಮಿರಜದಲ್ಲಿ ದೊಡ್ಡ ಆಸ್ಪತ್ರೆಯೊಂದರ ಎದುರಿನ ಗಲ್ಲಿಯಲ್ಲಿ ನಮ್ಮ ಖಾನಾವಳಿ. ನಾನು ಹತ್ತಿರದ ಬೇಡಗ ಊರಿನ ಜೈನರ ಮನೆಯ ಮಗಳು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಕನ್ನಡ ಓದುತ್ತೇನೆ, ಮರಾಠಿಯನ್ನು ಬಸ್ಸಿನ ಬೋರ್ಡು ನೋಡಿ ನೋಡಿ ಕಲಿತೆ. ಗಡಿಯಾಚೆ ಕರ್ನಾಟಕದಿಂದ ರೋಗಿಗಳನ್ನು ಕರೆತರುವ ಜನ ರೈಲು ಇಳಿದಾಗಿನಿಂದ ಮರಾಠಿ ಕೇಳಿ ಕಂಗಾಲಾಗಿರುತ್ತಾರೆ. ನನ್ನ ಬಾಯಲ್ಲಿ ಕನ್ನಡ ಬಂದ ಕೂಡಲೇ ಅವರ ಮುಖ ಸಡಿಲಾಗುತ್ತದೆ. ‘ನಮ್ಮವರು ಸಿಕ್ಕರು’ ಎನ್ನುತ್ತಾರೆ. ನಮ್ಮ ವ್ಯಾಪಾರ ನಡೆದದ್ದೇ ಆ ಒಂದು ಮಾತಿನ ಮೇಲೆ.

ಮೊದಲು ಜನ ತಮ್ಮ ತಮ್ಮ ಪಾತ್ರೆ ತರುತ್ತಿದ್ದರು, ನಾನು ಎಲ್ಲರೊಡನೆಯೂ ಜಗಳವಾಡುತ್ತಿದ್ದೆ. ಇದರಲ್ಲಿ ಮಾಂಸ ಬೇಯಿಸಿದ್ದೀರಾ, ತತ್ತಿ ಕುದಿಸಿದ್ದೀರಾ — ಕೇಳಿದರೆ ಕೆಲವರು ಸಿಟ್ಟಾಗುತ್ತಿದ್ದರು, ಕೆಲವರು ಸುಳ್ಳು ಹೇಳುತ್ತಿದ್ದರು. ಆಮೇಲೆ ಥರ್ಮಾಕೋಲ್ ಡಬ್ಬಿ ಬಂತು. ಬೆಳ್ಳಗಿನದು, ಹಗುರ, ಯಾರ ಮನೆಯದೂ ಅಲ್ಲದ್ದು. ನನ್ನ ಸೌಟು ನನ್ನ ಪಾತ್ರೆಯಲ್ಲೇ ಉಳಿಯಿತು. ಯಾರ ಮನೆಯ ಒಲೆ ಎಂಥದ್ದು ಎಂದು ಕೇಳುವ ಕೆಲಸವೂ ತಪ್ಪಿತು. ಎಣ್ಣೆ ತೇಲುವ ಬಿಸಿ ಪಲ್ಯೆ ಹಾಕಿದರೆ ಅದರ ಒಳಮೈ ಕುಳಿ ಬೀಳುತ್ತಿದ್ದುದನ್ನು ನಾನೇ ಕಂಡಿದ್ದೆ. ಕುಳಿಯಲ್ಲಿದ್ದದ್ದು ಎಲ್ಲಿ ಹೋಯಿತು? ರೋಗಿಯ ಹೊಟ್ಟೆಗೇ. ಕಂಡೂ ಮುಚ್ಚಳ ಹಾಕಿ ಕೊಟ್ಟೆ. ಅದೂ ನನ್ನ ತಪ್ಪೇ, ಆದರೆ ಇಂದು ಹೇಳಹೊರಟದ್ದು ಅದಲ್ಲ.

ಮುಂದೆ ಸರಕಾರ ಥರ್ಮಾಕೋಲನ್ನು ಬಂದ್ ಮಾಡಿತು. ಪಾಲಿಕೆಯವರು ಗಲ್ಲಿಯ ಎಲ್ಲ ಹೋಟೆಲುಗಳಿಗೂ ಬಂದರು, ಇದ್ದ ಡಬ್ಬಿಗಳನ್ನು ಹೊತ್ತೊಯ್ದರು. ಮತ್ತೆ ಸಿಕ್ಕರೆ ದಂಡ ಎಂದರು. ಗೋಡೆಗೆ ಮರಾಠಿಯಲ್ಲಿ ಅಚ್ಚು ಹಾಕಿದ ಕಾಗದ ಹಚ್ಚಿ, ಗಿರಾಕಿಗಳಿಗೆ ಮನೆಯಿಂದ ಡಬ್ಬಿ ತರಲು ಹೇಳಿರಿ ಎಂದು ತಿಳಿಸಿಯೇ ಹೋದರು. ನನಗೆ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾದದ್ದಕ್ಕೇ ಹೆದರಿದೆ — ಮತ್ತೆ ಕಂಡವರ ಪಾತ್ರೆಗಳು ನನ್ನ ಅಡುಗೆಮನೆಗೆ ಬರುತ್ತವಲ್ಲ ಎಂದು.

ಮರುದಿನ ಬಂದವಳು ಬಾಳವ್ವ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಸ್ಟೀಲ್ ಡಬ್ಬಿ. ಕುರಿ ಸಾಕುವವರ ಮನೆಯವಳು ಎಂದು ಹೇಳದೆಯೇ ತಿಳಿಯುತ್ತಿತ್ತು. ಡಬ್ಬಿಯನ್ನು ನಳದ ಕೆಳಗೆ ತಿಕ್ಕಿ ತೊಳೆದು ತಂದಿದ್ದಳು, ಇನ್ನೂ ನೀರು ಸೋರುತ್ತಿತ್ತು.

“ಅವ್ವಾರ, ನಮ್ಮ ಮನ್ಯಾರಿಗೆ ಹೊಟ್ಟಿ ಆಪರೇಶನ್ ಆಗೇತ್ರಿ. ಇವತ್ತ ಡಾಕ್ಟರ್ ಉಣ್ಣಾಕ ಹೇಳ್ಯಾರ. ಇದರಾಗ ನಾಕ ತುತ್ತ ಮೆತ್ತನ್ನ ಅನ್ನ, ತೆಳ್ಳನ್ನ ಬ್ಯಾಳಿ ಹಾಕಿ ಕೊಡ್ರಿ.”

ನಾನು ಕಂಬಳಿ ನೋಡಿದೆ, ಡಬ್ಬಿ ನೋಡಿದೆ. “ಪಾರ್ಸೆಲ್ ಬಂದ್ ಆಗೇತವ್ವ. ಸರಕಾರ ಬಂದ್ ಮಾಡೇತಿ. ಅಲ್ಲಿ ಗ್ವಾಡಿಗೆ ಬರದ ಹಚ್ಚ್ಯಾರ ನೋಡ.”

“ನನಗ ಓದಾಕ ಎಲ್ಲಿ ಬರತೈತ್ರಿ? ಡಬ್ಬಿನೂ ಬಂದ್ ಏನ್ರಿ?”

“ಡಬ್ಬಿನೂ ಬಂದ್. ಹಾಕಿ ಕೊಟ್ರ ನನಗ ದಂಡ.”

ಅಷ್ಟೇ. ಅವಳು ಆ ಕಾಗದವನ್ನು ನೋಡಿದಳು. ಆಮೇಲೆ ನಕ್ಕಳು. “ನನ್ನ ಡಬ್ಬಿ ಸರಕಾರಕ್ಕ ಏನ್ ಮಾಡಿತ್ರಿ, ಮಾರಾಯ್ತಿ!”

ಒಂದು ತಾಟು ಊಟ ತೆಗೆದುಕೊಂಡು ಕುಳಿತಳು. ಉಣ್ಣಲಿಲ್ಲ. ಅನ್ನಕ್ಕೆ ಬೇಳೆ ಕಲಸಿ, ಬೆರಳಿನಿಂದ ಹಿಸುಕಿ ಹಿಸುಕಿ ಮೆತ್ತಗೆ ಮಾಡಿ, ಒಗೆದ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದಳು. ಬೇಳೆಯ ನೀರು ಅವಳ ಮೊಣಕೈವರೆಗೆ ಇಳಿಯಿತು. ಒಂದು ಕೈಯಲ್ಲಿ ಆ ಗಂಟು, ಇನ್ನೊಂದು ಕೈಯಲ್ಲಿ ಖಾಲಿ ಡಬ್ಬಿ — ಹಾಗೇ ರಸ್ತೆ ದಾಟಿದಳು. ಹೊರಗೆ ಹೋಗಿ ಡಬ್ಬಿಗೆ ಹಾಕಿಕೊಂಡರೂ ಆಗುತ್ತಿತ್ತು. ಹಾಕಿಕೊಳ್ಳಲಿಲ್ಲ. ನನಗೆ ದಂಡ ಬೀಳುತ್ತದೆಂದು.

ನನ್ನ ಸೊಸೆ ಸುನಂದಾ ಸಾಂಗಲಿಯವಳು, ಮರಾಠಿ ಓದಿದವಳು. ಒಲೆಯ ಬಳಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. “ಅತ್ತಿ, ಅದರಾಗ ಡಬಾ ತರ್ರಿ ಅಂತ ಬರದೈತಿ. ಸರಕಾರಕ್ಕ ಗೊತ್ತಿಲ್ಲದ ಕಾಯದೆ ನಿಮಗ ಹೆಂಗ ಗೊತ್ತಾತು?”

“ಗಪ್ಪ ಕುಂದ್ರ,” ಎಂದೆ.

ಅವಳು ಒಲೆಯ ಕಡೆ ತಿರುಗಿದಳು. ಇನ್ನೂ ಒಂದು ಮಾತು ಬರೆದುಬಿಡುತ್ತೇನೆ. ಅದೇ ಹೊತ್ತಿನಲ್ಲಿ ಹಿತ್ತಲ ಬಾಗಿಲಿನಿಂದ ನಮ್ಮ ಪೈಕಿಯವರ ಡಬ್ಬಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಅವನ್ನು ನಾನೇ ತುಂಬಿ ಕೊಡುತ್ತಿದ್ದೆ.

ಬಾಳವ್ವ ದಿನವೂ ಬಂದಳು. ಗಂಟು ಕಟ್ಟಿದಳು, ಹೋದಳು. ಒಮ್ಮೆ ತಾನಾಗಿಯೇ ಹೇಳಿದಳು — ಬೇಳೆ ಎಲ್ಲ ದಾರಿಯಲ್ಲೇ ಸೋರಿಹೋಗುತ್ತದೆ, ಒಣ ಅನ್ನ ಅವರ ಗಂಟಲಲ್ಲಿ ಇಳಿಯುವುದಿಲ್ಲ ಎಂದು. ದೂರಲಿಲ್ಲ. ಮಳೆ ಬಂತು ಎನ್ನುವ ಹಾಗೆ ಹೇಳಿದಳು. ನಾನು ಮುಂದಿನ ಗಿರಾಕಿಗೆ ರೊಟ್ಟಿ ಬಡಿಸಿದೆ.

ಆಮೇಲೆ ಆ ದಿನ. ಸೊಸೆ ಪೇಟೆಗೆ ಹೋಗಿದ್ದಳು. ಗಡಿಯಾಚೆಯ ಇನ್ನೊಬ್ಬ ಹೆಂಗಸು ಅಲ್ಯೂಮಿನಿಯಂ ಪಾತ್ರೆ ಹಿಡಿದು ಬಂದಳು, ನಾನು ಅದೇ ಮಾತು ಹೇಳಿದೆ. ಅವಳು ಬಾಯಿಬಡಕಿ. “ಭಾಂಡೆ ನಂದು, ರೊಕ್ಕ ನಂದು, ಹಾಕಾಕ ನಿನಗೇನ ಧಾಡಿ ಮುದುಕಿ?” ಎಂದು ಕೈ ತಿರುವಿದಳು.

ನಾನು ಬಾಯಿ ತೆರೆಯುವ ಮೊದಲೇ ಬಾಳವ್ವ ಎದ್ದು ಬಂದಳು. “ಅವ್ವಾರಿಗೆ ಯಾಕ ಬೈತಿ? ಸರಕಾರ ಬಂದ್ ಮಾಡಿದ್ರ ಅವರೇನ ಮಾಡ್ಯಾರು? ನಮ್ಮ ಸಲುವಾಗಿ ಅವರು ದಂಡ ಕಟ್ಟಬೇಕೇನ? ಭಾಳ ಚೊಲೋ ಮಂದಿ ಅದಾರ. ಬಾ ಇಲ್ಲೆ, ನಾ ತೋರಸ್ತೇನಿ.”

ತೋರಿಸಿದಳು. ಅನ್ನ ಹೇಗೆ ಹಿಸುಕಬೇಕು, ಬಟ್ಟೆ ಹೇಗೆ ಎರಡು ಪದರು ಮಾಡಬೇಕು, ಗಂಟು ಎಲ್ಲಿ ಹಿಡಿದರೆ ಕಡಿಮೆ ಸೋರುತ್ತದೆ — ಎಲ್ಲ. ಇಬ್ಬರೂ ನನ್ನ ಮುಂದೆಯೇ ಕುಳಿತು ಕಟ್ಟಿದರು. ಎರಡು ಪಾತ್ರೆಗಳೂ ಪಕ್ಕದಲ್ಲಿ ಖಾಲಿ ಇದ್ದವು. ‘ತಾ ಇಲ್ಲಿ’ ಎಂದಿದ್ದರೆ ಸಾಕಾಗಿತ್ತು. ನಾಲಿಗೆಯವರೆಗೂ ಬಂದಿತ್ತು. ಆದರೆ ಆಗ ಹೇಳಿದರೆ ಇಷ್ಟು ದಿನದ ಸುಳ್ಳು —

ಹೇಳಲಿಲ್ಲ.

ಇದನ್ನು ಧರ್ಮದ ಮೇಲೆ ಹಾಕಲಾರೆ. ನಮ್ಮ ಧರ್ಮ ನನಗೆ ಸುಳ್ಳು ಹೇಳು ಎಂದು ಕಲಿಸಿಲ್ಲ. ಸೌಟು ತಾಗಿಸದೆ ಮೇಲಿನಿಂದ ಸುರಿಯಬಹುದಿತ್ತು. ಸುನಂದಾಳ ಕೈಗೆ ಕೊಡಬಹುದಿತ್ತು. ಏನೂ ಇಲ್ಲದಿದ್ದರೆ, ನಿನ್ನ ಪಾತ್ರೆ ನನಗೆ ನಡೆಯುವುದಿಲ್ಲ ಎಂದು ಮುಖಕ್ಕೇ ಹೇಳಬಹುದಿತ್ತು. ಅವಳು ಬೈದು ಇನ್ನೊಂದು ಹೋಟೆಲಿಗೆ ಹೋಗುತ್ತಿದ್ದಳು, ಅವಳ ಗಂಡನಿಗೆ ಬೇಳೆಯಾದರೂ ಸಿಗುತ್ತಿತ್ತು. ನನಗೆ ಅವಳ ಡಬ್ಬಿಯೂ ಬೇಡವಾಗಿತ್ತು, ಅವಳ ಬೈಗುಳವೂ ಬೇಡವಾಗಿತ್ತು. ಒಳ್ಳೆಯವಳು ಎನಿಸಿಕೊಂಡೇ ಅವಳನ್ನು ದೂರ ಇಡಬೇಕಾಗಿತ್ತು. ಅದಕ್ಕೆ ಸರಕಾರ ಸಿಕ್ಕಿತು.

ಒಂದು ದಿನ ಅವಳು ಬರಲಿಲ್ಲ, ಮರುದಿನವೂ ಬರಲಿಲ್ಲ. ಗಂಡ ಗುಣವಾಗಿ ಊರಿಗೆ ಹೋದನೋ, ಏನಾಯಿತೋ ಗೊತ್ತಿಲ್ಲ. ಆಸ್ಪತ್ರೆ ಎದುರಿಗೇ ಇದೆ, ಹೋಗಿ ವಿಚಾರಿಸಬಹುದಿತ್ತು. ಹೋಗಲಿಲ್ಲ. ಹೋಗಿದ್ದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಅವಳ ಊರಿನ ಹೆಸರನ್ನೂ ನಾನು ಕೇಳಿರಲಿಲ್ಲ.

ಇದಾಗಿ ವರ್ಷಗಳಾದವು. ಈಗ ಖಾನಾವಳಿ ಸುನಂದಾಳದು, ಎಲ್ಲರ ಡಬ್ಬಿಯೂ ಮುಂಬಾಗಿಲಿನಿಂದಲೇ ಬರುತ್ತದೆ. ಕೈ ಸಾಲದಿದ್ದರೆ ನಾನೂ ತುಂಬುತ್ತೇನೆ. ಇದರಿಂದ ಏನೋ ತೀರಿತು ಎಂದುಕೊಂಡಿದ್ದೆ. ಮೊನ್ನೆ ಒಬ್ಬ ಗಂಡಸು ಬಂದ. ಗಡಿಯಾಚೆಯವನೇ. ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಂಡಿದ್ದ, ಕದ್ದ ಮಾಲಿನ ಹಾಗೆ. ಆಚೆ ಈಚೆ ನೋಡಿ, ದನಿ ಇಳಿಸಿ ಕೇಳಿದ:

“ಆಯಿ, ಯಾರಿಗೂ ಕಾಣದಂಗ ಇದಕ್ಕ ಹಾಕಿ ಕೊಡ್ತೀರೇನ್ರಿ? ಮಿರಜದಾಗ ಡಬ್ಬಿ ಬಂದ್ ಐತಿ ಅಂತ ನಮ್ಮ ಊರಾಗ ಹೇಳಿ ಕಳಿಸ್ಯಾರ.”

ನನ್ನ ಸುಳ್ಳು ಗಡಿ ದಾಟಿ ಹೋಗಿ, ಮಂದಿಯ ಬಾಯಲ್ಲಿ ಕಾಯದೆಯಾಗಿ ಕುಳಿತಿತ್ತು.

“ಬಂದ್ ಇಲ್ಲಪಾ. ಎಂದೂ ಇದ್ದಿಲ್ಲ. ನಾ ಸುಳ್ಳ ಹೇಳಿದ್ದೆ.”

ಅವನು ನಕ್ಕ. ಮುದುಕಿ ಚೇಷ್ಟೆ ಮಾಡುತ್ತಾಳೆ ಎಂದುಕೊಂಡ. ಇನ್ನೊಮ್ಮೆ ಹೇಳಿದೆ. ಯಾಕ್ರಿ ಎಂದ. “ನಿಮ್ಮಂಥಾವರ ಡಬ್ಬಿ ಮುಟ್ಟಾಕ ನನಗ ಮನಸಿದ್ದಿಲ್ಲ. ಊರಿಗೆ ಹೋಗಿ ಹಂಗ ಹೇಳ,” ಎಂದೆ.

ಅವನ ನಗು ನಿಂತಿತು. ನಾನು ತುಂಬಿ ಕೊಟ್ಟ ಡಬ್ಬಿಯನ್ನು ತೆಗೆದುಕೊಂಡು ಹೋದ. ಆಸ್ಪತ್ರೆಯಲ್ಲಿ ಹಸಿದ ಜೀವ ಕಾಯುತ್ತಿತ್ತು. ಇಲ್ಲದಿದ್ದರೆ ಆ ಅನ್ನವನ್ನು ನನ್ನ ಕಾಲ ಬಳಿಯೇ ಸುರಿಯುತ್ತಿದ್ದನೇನೋ. ಮತ್ತೆ ಅವನು ನಮ್ಮಲ್ಲಿಗೆ ಬಂದಿಲ್ಲ.

ಇನ್ನು ಡಬ್ಬಿ ಬಂದ್ ಎಂದು ಕೇಳಿಕೊಂಡು ಬರುವವರಿಗೂ ನಾನು ಇದನ್ನೇ ಹೇಳುತ್ತೇನೆ.